ಕಲಂ ಹನ್ನೊಂದು

ಹನ್ನೊಂದನೆಯ ಕಲಮಿನಲ್ಲಿ ಮೂರೇ ಚೌಕ:
ದುಡಿಯುತ್ತಾರೆ. ದುಡಿಯುತ್ತಿಲ್ಲ. ದುಡಿಯಲಾರರು.
ಒಂದಕ್ಕೆ ಮಾತ್ರ ಗುರುತು, ನೀಲಿ ಶಾಯಿ,
ತಿದ್ದಿದರೆ ಫಾರಮು ರದ್ದು.

ಬಂದರಿನಿಂದ ಬೆಂಗ್ರೆಗೆ ದೋಣಿಯಲ್ಲಿ ಹತ್ತು ನಿಮಿಷ.
ಅಷ್ಟರಲ್ಲಿ ದೇಶದ ಲೆಕ್ಕವೇ ಚುಕ್ತಾ ಆಗುತ್ತದೆ.
"ಕೂತು ತಿನ್ನುವವರು ಹೆಚ್ಚಾದರು ಮಾರಾಯ್ರೆ,
ಎರಡು ಸಾವಿರ ಸುಮ್ಮನೆ ಬಂದರೆ ಸೊಂಟ ಯಾರು ಬಗ್ಗಿಸುತ್ತಾರೆ?"
ಹಾಗೆಂದವರಿಗೆ ಬ್ಯಾಂಕಿನ ಪಿಂಚಣಿ; ಸೀಟಿನಲ್ಲಿ ಕೂತಿದ್ದರು.
"ಕತ್ತರಿಸಬೇಕು. ಗೆಲ್ಲು ಕಡಿದರೇ ನುಗ್ಗೆ ಕಾಯಿ ಬಿಡುವುದು."
ಹಗ್ಗ ಹಿಡಿದ ಹುಡುಗ ಇಬ್ಬರ ಚಿಲ್ಲರೆಯನ್ನೂ ಎಣಿಸಿ
ಕಿಸೆಗೆ ಹಾಕಿಕೊಂಡ.
ನಾನು ಚೀಲವನ್ನು ಮಡಿಲಿಗೆ ಎಳೆದುಕೊಂಡೆ.
ಒಳಗೆ ಇನ್ನೂರ ಹದಿನಾರು ಫಾರಮು.

ಯಮುನಾ ತಿಂಗಳಾಯ, ನಲವತ್ತೊಂದು.
"ದುಡಿಯುತ್ತೀರಾ?"
"ಇಲ್ಲಪ್ಪ, ಮನೆಯಲ್ಲೇ ಇರುವುದು."
ಬೆರಳು ನಿಲ್ಲಲಿಲ್ಲ.
ಎಲೆ, ಚಿಟಿಕೆ ಹೊಗೆಸೊಪ್ಪು, ಸುರುಳಿ, ನೂಲು,
ತೊಡೆಯ ಮೇಲಿನ ಗೆರಸೆಯಲ್ಲಿ ಎಂಟುನೂರು ದಾಟಿತ್ತು.
ಬೀಡಿಯ ಪುಸ್ತಕ ಅತ್ತೆಯ ಹೆಸರಲ್ಲಿ.
ಅತ್ತೆ ಹೋಗಿ ನಾಲ್ಕು ವರ್ಷ.
ಕಾಗದದ ಪ್ರಕಾರ
ಸತ್ತವಳು ಈಗಲೂ ದಿನಕ್ಕೆ ಸಾವಿರ ಸುತ್ತುತ್ತಾಳೆ,
ಸೊಸೆ ಸುಮ್ಮನೆ ಕೂತಿದ್ದಾಳೆ.

ಹೆಬ್ಬೆಟ್ಟು ಒತ್ತಿಸಿದೆ. ಯಂತ್ರ ಒಪ್ಪಲಿಲ್ಲ.
ಒರೆಸಿ ಒತ್ತಿದಳು, ಎಡಗೈ ಒತ್ತಿದಳು,
ತೆಂಗಿನೆಣ್ಣೆ ಸವರಿ ಒತ್ತಿದಳು.
"ಗೆರೆ ಎಲ್ಲ ಬೀಡಿಯ ಒಟ್ಟಿಗೆ ಹೋಯ್ತು,
ಸೇದಿದವರ ಹತ್ತಿರ ಕೇಳಿ."

ಅವಳ ಗಂಡನ ಮೂರು ಬೆರಳು
ಟ್ರಾಲ್ ಬೋಟಿನ ರಾಟೆಗೆ ಹೋಗಿವೆ.
ದುಡಿಯಲಾರರು ಅನ್ನಲು ನಲವತ್ತು ಪರ್ಸೆಂಟ್ ಬೇಕು,
ದೊಡ್ಡಾಸ್ಪತ್ರೆಯವರು ಬರೆದದ್ದು ಮೂವತ್ತೆಂಟು.
"ಇನ್ನೊಂದು ಬೆರಳು ಕೊಟ್ಟಿದ್ದರೆ ಪಾಸಾಗುತ್ತಿದ್ದೆ"
ಅಂತ ಅವನು ನಗುವಾಗ
ನಾನು ಪೆನ್ನಿನ ಮುಚ್ಚಳ ಹುಡುಕುತ್ತಿದ್ದೆ.

ಸುಳ್ಳು ಯಾಕೆ, ದೋಣಿಯವರು ಹೇಳಿದಂಥವನೂ ಸಿಕ್ಕಿದ.
ಪುರಂದರ, ಇಪ್ಪತ್ತಾರು, ಹನ್ನೊಂದೂವರೆಗೆ ಎದ್ದ,
ಮೊಬೈಲಿನಿಂದ ತಲೆ ಎತ್ತಲಿಲ್ಲ.
"ಕೆಲಸಕ್ಕೆ ಯಾಕೆ ಹೋಗುವುದಿಲ್ಲ?"
"ಮನಸ್ಸಿಲ್ಲ."
ಇಷ್ಟು ಸ್ವಚ್ಛ ಉತ್ತರ ಇಡೀ ದಿನ ಸಿಕ್ಕಿರಲಿಲ್ಲ.
ಎರಡನೆಯ ಚೌಕಕ್ಕೆ ಗುರುತು ಹಾಕುವಾಗ
ಎಂತದೋ ಗೆದ್ದ ಹಾಗೆ ಆಯಿತು ನನಗೆ.
ಅವನ ಅಮ್ಮ ಗಂಜಿಯ ಬಟ್ಟಲು ತಂದಿಟ್ಟು
ನನ್ನ ಕಡೆ ನೋಡದೆ ಹೇಳಿದಳು:
"ಇವನಿಗೂ ಹಸಿವಾಗುತ್ತದಲ್ಲ."
ಆ ಬಟ್ಟಲಿನ ಅಂಚಿನಲ್ಲಿ ಒಂದು ಉಪ್ಪಿನಕಾಯಿ ಮಿಡಿ.
ಆಮೇಲೆ ಬಹಳ ಹೊತ್ತು
ಅದರ ಹುಳಿಯೇ ನನ್ನ ಬಾಯಲ್ಲಿ.

ಕೊನೆಯ ಮನೆ ಬೀಪಾತುಮ್ಮನದು.
ಅಂಗಳದ ತುಂಬ ಒಣಗಲು ಹಾಕಿದ ನಂಗ್,
ಕೈಯಲ್ಲಿ ಕಾಗೆ ಓಡಿಸುವ ಕೋಲು.
"ಇದು ಕೆಲಸ ಅಂತ ಬರೆಯುತ್ತೀಯಾ?" ಕೇಳಿದಳು.
ಬರೆದರೆ ಆದಾಯ ಆಗುತ್ತದೆ, ಕಾರ್ಡು ಹೋದೀತು, ಅಂದೆ.
"ಹಾಗಾದರೆ ಕಾಗೆಯ ಕೆಲಸ ಅಂತ ಬರೆ."
ಸ್ವಲ್ಪ ತಡೆದು,
"ನಿನಗೆ ಎಷ್ಟು ಕೊಡುತ್ತಾರೆ ಮಗಳೇ?"
ಫಾರಮಿಗೆ ಹನ್ನೆರಡು ರೂಪಾಯಿ.
"ಕೊಟ್ಟರಾ?"
ಮೂರು ತಿಂಗಳಿಂದ ಇಲ್ಲ.
ಹೊರಗುತ್ತಿಗೆ. ಮೂವತ್ತೊಂದಕ್ಕೆ ಅದೂ ಮುಗಿಯುತ್ತದೆ.
"ಹಾಗಾದರೆ ನೀನು ಯಾವ ಚೌಕ?"

ಅವಳು ತಮಾಷೆಗೆ ಕೇಳಲಿಲ್ಲ.
ನಾನು ನದಿಯ ಆಚೆ ನೋಡಿದೆ. ಆಚೆ ಬಂದರು,
ಬಂದರಿನಲ್ಲಿ ಐಸಿನ ಲಾರಿ, ಮೇಲೆ ಹದ್ದುಗಳು,
ಎಲ್ಲ ತಂತಮ್ಮ ಕೆಲಸದಲ್ಲಿ.

ಬರುವಾಗ ಕಾಗದದಲ್ಲಿ ಒಂದು ಹಿಡಿ ಒಣಮೀನು ಕಟ್ಟಿಕೊಟ್ಟಳು.
ಬೇಡ, ಸರಕಾರಿ ಕೆಲಸ, ತೆಗೆದುಕೊಳ್ಳಬಾರದು, ಅಂದೆ.
"ಕೆಲಸವಾ?" ಅಂದಳು.
ತೆಗೆದುಕೊಂಡೆ.

ಮರುದಿನ ಕಚೇರಿಯಲ್ಲಿ ಸಾಹೇಬರು
ನನ್ನ ಕಟ್ಟನ್ನು ಸ್ಕೇಲಿನ ತುದಿಯಿಂದ ದೂಡಿ
ಫ್ಯಾನು ಜೋರು ಮಾಡಿದರು:
"ಎಂತದಿದು, ಫಾರಮೆಲ್ಲ ಮೀನು ವಾಸನೆ!"
ಹೌದು ಸಾರ್, ಅಂದೆ.
ಇನ್ನೂರ ಹದಿನಾರೂ ಉಂಟು, ಎಣಿಸಿ.